ಅಮ್ಮನಿಗೆ 78, ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್, ಗ್ರೇಡ್ 3. ಕೀಮೋ ಕೊಡಿಸಬೇಕಾ ಬೇಡವಾ?

ಕಿರಿಮಗಳು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 78 ವರ್ಷ. ಎಡ ಸ್ತನದಲ್ಲಿ ಗಂಟು ಸಿಕ್ಕಿತು, ಬಯಾಪ್ಸಿ ಆಯಿತು. ಗ್ರೇಡ್ 3. ಅಂದರೆ ಬೇಗ ಬೆಳೆಯುವ ಬಗೆ. ಗಾತ್ರ ಎರಡೂವರೆ ಸೆಂಟಿಮೀಟರ್ ಹತ್ತಿರ. ಹಾರ್ಮೋನಿಗೆ ಸ್ಪಂದಿಸುವ ಈಆರ್, ಪಿಆರ್, ಮತ್ತೆ ಹರ್-2 ಅನ್ನುವ ಪ್ರೋಟೀನ್, ಮೂರೂ ನೆಗೆಟಿವ್. ಅದಕ್ಕೇ ಟ್ರಿಪಲ್ ನೆಗೆಟಿವ್ ಅಂತಾರೆ. ಕಂಕುಳಲ್ಲಿ ಒಂದು ಗ್ರಂಥಿ ದಪ್ಪಗಾಗಿದೆ ಅಂತ ಸ್ಕ್ಯಾನ್ ರಿಪೋರ್ಟಿನಲ್ಲಿದೆ. ಬೇರೆ ಕಡೆ ಹರಡಿದ ಗುರುತಿಲ್ಲ.

ಮೊದಲು ನೋಡಿದ ಡಾಕ್ಟರು ಫೈಲಿನ ಮೇಲಿದ್ದ ವಯಸ್ಸು ನೋಡಿದರು. "ಈ ವಯಸ್ಸಿಗೆ ಕೀಮೋ ಎಲ್ಲ ಯಾಕೆ, ಗಂಟು ತೆಗೆದು ಸುಮ್ಮನಾಗೋಣ" ಅಂದರು. ಅಮ್ಮ ಎದುರಿಗೇ ಕೂತಿದ್ದರು. ಅವರನ್ನು ಒಂದು ಮಾತೂ ಕೇಳಲಿಲ್ಲ. ಎರಡನೇ ಡಾಕ್ಟರು "ಇದು ಬೇಗ ಬೆಳೆಯುವ ಜಾತಿ, ಆಪರೇಷನ್ ಒಂದೇ ಸಾಲದು, ಕೀಮೋ ಬೇಕು" ಅಂದರು. ಅಣ್ಣ ಮೊದಲನೆಯವರ ಕಡೆ. "ವಯಸ್ಸಾದ ಜೀವಕ್ಕೆ ಹಿಂಸೆ ಕೊಡಬೇಡ" ಅನ್ನುತ್ತಾನೆ.

ಅಮ್ಮ ಬಿಪಿ ಮಾತ್ರೆ ತಗೊಳ್ಳುತ್ತಾರೆ, ಮಂಡಿ ನೋವಿದೆ. ಅಷ್ಟು ಬಿಟ್ಟರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಮಹಡಿ ಹತ್ತಿ ಇಳಿಯುತ್ತಾರೆ. ಬ್ಯಾಂಕಿನ ಲೆಕ್ಕ ಎಲ್ಲ ಅವರದ್ದೇ. ಆದರೆ ಈ ವಿಷಯ ಬಂದರೆ ಮಾತ್ರ "ನೀವೇ ಏನಾದರೂ ಮಾಡಿ" ಅಂದು ಎದ್ದು ಹೋಗುತ್ತಾರೆ. ಇದೇ ಪರಿಸ್ಥಿತಿ ನೋಡಿದವರು ದಯವಿಟ್ಟು ಹೇಳಿ.

ದೊಡ್ಡಮಗ:

ನಿಮ್ಮ ಅಣ್ಣ ಹೇಳಿದ್ದು ಸರಿ ಅಂತ ನನ್ನ ಅಭಿಪ್ರಾಯ. ನಮ್ಮ ತಾಯಿಗೆ 81. ಅವರಿಗೂ ಇದೇ ತರಹದ ಗಡ್ಡೆ. ಎರಡನೇ ಕೀಮೋ ಆದಮೇಲೆ ಜ್ವರ ಬಂತು, ಐಸಿಯು ಸೇರಿದರು. ಬದುಕಿ ಬಂದರು, ಆದರೆ ಆಮೇಲೆ ಎದ್ದು ಓಡಾಡಲೇ ಇಲ್ಲ. ಗಂಟು ಸಣ್ಣದಾಗಿತ್ತು. ಅದರಿಂದ ಅವರಿಗೆ ಏನು ಸಿಕ್ಕಿತು? ಇದ್ದಷ್ಟು ದಿನ ಮಂಚದ ಮೇಲೆ. ಕೀಮೋ ಶುರು ಮಾಡುವ ಮುಂಚೆ ಯಾರೂ ಅವರ ನಡಿಗೆ ನೋಡಲಿಲ್ಲ, ಹಿಂದಿನ ವರ್ಷ ಬಿದ್ದಿದ್ದರಾ ಅಂತ ಕೇಳಲಿಲ್ಲ. ಡೋಸ್ ಮಾತ್ರ ಪೂರ್ತಿ ಕೊಟ್ಟರು.

ಹಾಲುಗಲ್ಲ:

ವಯಸ್ಸಾದವರಲ್ಲಿ ಕ್ಯಾನ್ಸರ್ ನಿಧಾನವಾಗಿ ಬೆಳೆಯುತ್ತದೆ ಅಂತಾರಲ್ಲ? ನಮ್ಮ ಸೋದರತ್ತೆಗೆ ಬರೀ ಮಾತ್ರೆಯಲ್ಲೇ ವರ್ಷಗಟ್ಟಲೆ ನಡೆಯಿತು. ಆಪರೇಷನ್ನೂ ಮಾಡಿಸಲಿಲ್ಲ. ಹಾಗೆ ಮಾಡಬಹುದಲ್ವಾ?

ಸ್ಟೆತಸ್ಕೋಪ್:

ನಾನು ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಇಲ್ಲಿ ಯಾರಿಗೂ ಚಿಕಿತ್ಸೆ ಬರೆದುಕೊಡಲು ಆಗುವುದಿಲ್ಲ. ಆದರೆ ನಿಮ್ಮ ಡಾಕ್ಟರ ಜೊತೆ ಮಾತಾಡುವಾಗ ಉಪಯೋಗಕ್ಕೆ ಬರುವಷ್ಟು ಹೇಳಬಲ್ಲೆ.

ಮೊದಲು ಹಾಲುಗಲ್ಲ ಅವರ ಪ್ರಶ್ನೆ. 70 ದಾಟಿದ ಹೆಚ್ಚಿನವರ ಸ್ತನ ಕ್ಯಾನ್ಸರ್ ಹಾರ್ಮೋನಿನಿಂದ ಬೆಳೆಯುವಂಥದ್ದು. ಅದಕ್ಕೆ ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್ ತರಹದ ಮಾತ್ರೆ ಕೆಲಸ ಮಾಡುತ್ತದೆ. ನಿಮ್ಮ ಸೋದರತ್ತೆಯದ್ದು ಆ ಜಾತಿಯೇ ಇರಬೇಕು. ಕಿರಿಮಗಳು ಅವರ ತಾಯಿಯದ್ದು ಬೇರೆ. ಈಆರ್, ಪಿಆರ್ ನೆಗೆಟಿವ್ ಅಂದರೆ ಆ ಮಾತ್ರೆಗಳು ಅದನ್ನು ಮುಟ್ಟುವುದೇ ಇಲ್ಲ. ಹರ್-2 ನೆಗೆಟಿವ್ ಅಂದರೆ ಹರ್-2 ತಡೆಯುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ನೂ ಇಲ್ಲ. ಒಟ್ಟು ಸ್ತನ ಕ್ಯಾನ್ಸರುಗಳಲ್ಲಿ ಶೇ. 10ರಿಂದ 15ರಷ್ಟು ಹೀಗಿರುತ್ತವೆ. "ವಯಸ್ಸಾದವರಲ್ಲಿ ನಿಧಾನ" ಅನ್ನುವುದು ಸರಾಸರಿಯ ಮಾತು. ಕೈಯಲ್ಲಿ ಗ್ರೇಡ್ 3 ಅನ್ನುವ ರಿಪೋರ್ಟ್ ಇರುವಾಗ ಸರಾಸರಿ ಹಿಡಿದು ಕೂರಬಾರದು.

ಇನ್ನು "ಈ ವಯಸ್ಸಿಗೆ ಕೀಮೋ ಯಾಕೆ" ಅನ್ನುವುದು. ಇದಕ್ಕೆ ಸಂಬಂಧಿಸಿದ ಒಂದು ಅಮೆರಿಕನ್ ಅಧ್ಯಯನ ಇದೆ. ಹೈಮನ್ ಮಸ್ ಎಂಬ ವೈದ್ಯರ ತಂಡ 2009ರಲ್ಲಿ ಪ್ರಕಟಿಸಿತು. 65 ದಾಟಿದ 633 ಮಹಿಳೆಯರು. ಅರ್ಧದಷ್ಟು ಜನರಿಗೆ ರೂಢಿಯ ಕೀಮೋ. ಉಳಿದವರಿಗೆ ಕ್ಯಾಪೆಸಿಟಬಿನ್ ಅನ್ನುವ ಕೀಮೋ ಮಾತ್ರೆ. ವಯಸ್ಸಾದವರಿಗೆ ಮನೆಯಲ್ಲೇ ನುಂಗುವ ಮಾತ್ರೆ ಹಗುರ, ಅದೇ ಸಾಕಾಗಬಹುದು ಅನ್ನುವ ಆಸೆ ಇತ್ತು. ಸಾಕಾಗಲಿಲ್ಲ. ಮಾತ್ರೆ ತಗೊಂಡವರಲ್ಲಿ ಕ್ಯಾನ್ಸರ್ ಮರುಕಳಿಸುವ ಸಾಧ್ಯತೆ ಎರಡು ಪಟ್ಟು ಇತ್ತು. ಸಾವಿನ ಸಾಧ್ಯತೆಯೂ ಹತ್ತಿರಹತ್ತಿರ ಎರಡು ಪಟ್ಟು. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಹಾರ್ಮೋನ್ ನೆಗೆಟಿವ್ ಗಡ್ಡೆ ಇದ್ದವರಲ್ಲಿ. ಅಂದರೆ ಈ ತಾಯಿಯಂಥವರಲ್ಲೇ.

ಹಾಗಂತ ದೊಡ್ಡಮಗ ಅವರು ಹೇಳಿದ್ದನ್ನು ತಳ್ಳಿಹಾಕುತ್ತಿಲ್ಲ. ಅವರ ಕೊನೆಯ ಎರಡು ಸಾಲು ಇಡೀ ಚರ್ಚೆಯ ತಿರುಳು. ಕೀಮೋ ಕೊಡಬೇಕಾ ಅಂತ ನಿರ್ಧರಿಸುವ ಮುಂಚೆ ಆ ಮನುಷ್ಯರಿಗೆ ಎಷ್ಟು ತ್ರಾಣ ಇದೆ ಅಂತ ಅಳೆಯಬೇಕು. ಅಳೆಯಲು ದಾರಿಗಳಿವೆ. ಅಳೆಯದೆ "ಬೇಡ" ಅನ್ನುವುದೂ ತಪ್ಪು, ಅಳೆಯದೆ ಪೂರ್ತಿ ಡೋಸ್ ಕೊಡುವುದೂ ತಪ್ಪು.

ದೊಡ್ಡಮಗ:

ಸರ್, ಒಂದು ಮಾತು. ಇಂಥ ಅಧ್ಯಯನಕ್ಕೆ ಸೇರಿಸಿಕೊಳ್ಳುವುದು ಗಟ್ಟಿಮುಟ್ಟಾಗಿರುವವರನ್ನೇ ಅಲ್ವಾ? ಹಾರ್ಟ್ ತೊಂದರೆ, ಕಿಡ್ನಿ ತೊಂದರೆ ಇದ್ದವರನ್ನು ಮೊದಲೇ ಹೊರಗಿಟ್ಟಿರುತ್ತಾರೆ. ಆಮೇಲೆ ಫಲಿತಾಂಶ ಎಲ್ಲರಿಗೂ ಅನ್ವಯಿಸುತ್ತಾರೆ.

ಸ್ಟೆತಸ್ಕೋಪ್:

ನೂರಕ್ಕೆ ನೂರು ನಿಜ. ನಮ್ಮ ವಿಭಾಗದ ಹಳೇ ದೂರು ಇದು. ಸ್ತನ ಕ್ಯಾನ್ಸರ್ ಬರುವವರಲ್ಲಿ ವಯಸ್ಸಾದವರು ಬೇಕಾದಷ್ಟು ಇದ್ದಾರೆ. ಔಷಧಿ ಪರೀಕ್ಷಿಸುವ ಅಧ್ಯಯನಗಳಲ್ಲಿ ಮಾತ್ರ ಅವರು ಬೆರಳೆಣಿಕೆ. ಅದಕ್ಕೇ ಅಳತೆಯ ಮಾತು ಇಷ್ಟು ಮುಖ್ಯ.

ಆರತಿ ಹುರಿಯಾ ಅಂತ ಒಬ್ಬ ವೈದ್ಯೆ ಇದ್ದರು. ಅಮೆರಿಕದಲ್ಲಿ ವಯಸ್ಸಾದ ಕ್ಯಾನ್ಸರ್ ರೋಗಿಗಳಿಗಾಗಿಯೇ ದುಡಿದವರು. 2018ರಲ್ಲಿ ತೀರಿಕೊಂಡರು. ಅವರ ತಂಡ 2011ರಲ್ಲಿ ಒಂದು ಸ್ಕೋರ್ ಮಾಡಿಕೊಟ್ಟಿತು. ಕೀಮೋದಿಂದ ಯಾರಿಗೆ ಗಂಭೀರ ತೊಂದರೆ ಆಗಬಹುದು ಅಂತ ಮುಂಚೆಯೇ ಅಂದಾಜು ಮಾಡುವುದು ಅದರ ಕೆಲಸ. ಅದರಲ್ಲಿ ಕೇಳುವ ಪ್ರಶ್ನೆಗಳನ್ನು ನೋಡಿ. ಕಳೆದ ಆರು ತಿಂಗಳಲ್ಲಿ ಬಿದ್ದಿದ್ದೀರಾ? ಕಿವಿ ಹೇಗೆ ಕೇಳಿಸುತ್ತದೆ? ಸ್ವಲ್ಪ ದೂರ ನಡೆಯಲು ಕಷ್ಟವಾ? ಮಾತ್ರೆ ತಗೊಳ್ಳಲು ಬೇರೆಯವರ ಸಹಾಯ ಬೇಕಾ? ಜೊತೆಗೆ ಹಿಮೋಗ್ಲೋಬಿನ್, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ ಲೆಕ್ಕ. 2021ರಲ್ಲಿ ಸ್ತನ ಕ್ಯಾನ್ಸರಿಗೆಂದೇ ಇನ್ನೊಂದು ಸ್ಕೋರ್ ಬಂತು. ಅದರಲ್ಲಿ "ಕಷ್ಟ ಬಂದಾಗ ಒಳ್ಳೆಯ ಸಲಹೆ ಕೊಡುವವರು ನಿಮಗೆ ಯಾರಾದರೂ ಇದ್ದಾರಾ" ಅನ್ನುವುದೂ ಸೇರಿದೆ. ಜೊತೆಗೆ ಯಾರಿದ್ದಾರೆ ಅನ್ನುವುದು ರಕ್ತಪರೀಕ್ಷೆಯಷ್ಟೇ ಮುಖ್ಯವಾದ ಮಾಹಿತಿ.

ಇನ್ನೂ ಸುಲಭದ್ದು ಜಿ-8 ಅನ್ನುವ ಎಂಟು ಪ್ರಶ್ನೆಗಳ ಪಟ್ಟಿ. ಒಟ್ಟು 17 ಅಂಕ. 14 ಅಥವಾ ಕಡಿಮೆ ಬಂದರೆ ಪೂರ್ತಿ ತಪಾಸಣೆ ಮಾಡಬೇಕು ಅಂತ ಅರ್ಥ. ಐದು ನಿಮಿಷದ ಕೆಲಸ.

ಇದರಿಂದ ಉಪಯೋಗ ಆಗಿದೆಯಾ ಅಂದರೆ, ಆಗಿದೆ. 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಒಂದಿದೆ. 70 ದಾಟಿದ, ಬೇರೆ ಬೇರೆ ಮುಂದುವರಿದ ಕ್ಯಾನ್ಸರ್ ಇದ್ದ 718 ಜನ. ಅರ್ಧ ಕಡೆ ಈ ತಪಾಸಣೆಯ ವಿವರ ಡಾಕ್ಟರ ಕೈಗೆ ಕೊಟ್ಟರು, ಇನ್ನರ್ಧ ಕಡೆ ಕೊಡಲಿಲ್ಲ. ಕೊಡದ ಕಡೆ ಶೇ. 71 ಜನರಿಗೆ ಗಂಭೀರ ಅಡ್ಡಪರಿಣಾಮ ಆಯಿತು. ಕೊಟ್ಟ ಕಡೆ ಶೇ. 51. ಬೀಳುವುದೂ ಕಡಿಮೆಯಾಯಿತು. ಡಾಕ್ಟರು ಮೊದಲ ಡೋಸನ್ನು ತಗ್ಗಿಸಿ ಶುರು ಮಾಡಿದ್ದರು. ಹಾಗಂತ ಆಯುಷ್ಯ ಕಡಿಮೆಯಾಗಲಿಲ್ಲ.

ಎಪ್ಪತ್ತಾರು:

ಎಲ್ಲರೂ ಅಮ್ಮಂದಿರ ಬಗ್ಗೆ ಮಾತಾಡುತ್ತಿದ್ದೀರಿ. ನಾನೇ ಒಬ್ಬ ಅಮ್ಮ. ಹೆಸರೇ ಹೇಳುವಂತೆ 76. ನನ್ನದು ಟ್ರಿಪಲ್ ನೆಗೆಟಿವ್ ಅಲ್ಲ, ಹರ್-2 ಪಾಸಿಟಿವ್. ಅದೂ ಬೇಗ ಬೆಳೆಯುವ ಜಾತಿಯೇ. ಗಂಟು ಚಿಕ್ಕದಿತ್ತು, ಕಂಕುಳಿಗೆ ಹೋಗಿರಲಿಲ್ಲ. ಆಪರೇಷನ್ ಆದಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ವಾರಕ್ಕೊಮ್ಮೆ 12 ವಾರ, ಜೊತೆಗೆ ಟ್ರಾಸ್ಟುಜುಮ್ಯಾಬ್ ಒಂದು ವರ್ಷ ಅಂತ ಹೇಳಿದರು. ಮೂರು ತಿಂಗಳಿಗೊಮ್ಮೆ ಹಾರ್ಟಿಗೆ ಎಕೋ.

ಸುಲಭ ಅಂತ ಸುಳ್ಳು ಹೇಳಲ್ಲ. ಕೂದಲು ಹೋಯಿತು. ಬೇಧಿ ಆಯಿತು. ಆದರೆ ನನ್ನನ್ನು ಸುಸ್ತು ಮಾಡಿದ್ದು ಬೆರಳು. ತುದಿಯೆಲ್ಲ ಜೋಮು. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಗುಂಡಿ ಕೈಯಲ್ಲಿ ಇದೆಯಾ ಜಾರಿತಾ ಅಂತ ಕಣ್ಣಿಂದ ನೋಡಿಯೇ ತಿಳಿಯಬೇಕು. ಮೊದಮೊದಲು ಯಾರಿಗೂ ಹೇಳಲಿಲ್ಲ, ಔಷಧಿ ನಿಲ್ಲಿಸಿಬಿಟ್ಟಾರು ಅಂತ. ಡ್ರಿಪ್ ಹಾಕುವ ನರ್ಸ್ ಒಂದು ದಿನ "ಈ ಪೆನ್ ತಗೊಂಡು ಸಹಿ ಮಾಡಿ" ಅಂದರು. ಪೆನ್ ಕೆಳಗೆ ಬಿತ್ತು. ಅವತ್ತೇ ಡಾಕ್ಟರಿಗೆ ಹೇಳಿ ಡೋಸ್ ತಗ್ಗಿಸಿದರು. ಕೊನೆಯ ಕೆಲವು ಬಿಟ್ಟೇಬಿಟ್ಟರು. ಟ್ರಾಸ್ಟುಜುಮ್ಯಾಬ್ ಮಾತ್ರ ಮುಂದುವರಿಯಿತು. ಈಗ ಕೈ ಮುಕ್ಕಾಲು ಸರಿಹೋಗಿದೆ.

ಕಿರಿಮಗಳು, ನಿಮ್ಮ ಅಮ್ಮ "ನೀವೇ ಏನಾದರೂ ಮಾಡಿ" ಅಂದದ್ದನ್ನು ಒಪ್ಪಿಗೆ ಅಂತ ತಗೊಳ್ಳಬೇಡಿ. ನಾನೂ ಹಾಗೇ ಅಂದಿದ್ದೆ. ಅವತ್ತು ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ, ಮಕ್ಕಳಿಗೆ ಹೊರೆ ಆಗಬಾರದು ಅಂತ. ಕೀಮೋ ಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ನಾನು ಇನ್ನೂ ಬಂದೇ ಇರಲಿಲ್ಲ.

ಹಾಲುಗಲ್ಲ:

ಅಮ್ಮಾ, ನಿಮ್ಮ ಮಾತು ಓದಿ ಕಣ್ಣಲ್ಲಿ ನೀರು ಬಂತು. ಚೆನ್ನಾಗಿರಿ.

ಸ್ಟೆತಸ್ಕೋಪ್:

ಎಪ್ಪತ್ತಾರು ಅವರಿಗೆ ಕೊಟ್ಟ ಕ್ರಮ ಗಟ್ಟಿಯಾದ ಆಧಾರ ಇರುವಂಥದ್ದು. ಮೂರು ಸೆಂಟಿಮೀಟರಿಗಿಂತ ದೊಡ್ಡದಲ್ಲದ, ಕಂಕುಳಿಗೆ ಹೋಗದ ಹರ್-2 ಪಾಸಿಟಿವ್ ಗಡ್ಡೆ ಇದ್ದ 406 ಮಹಿಳೆಯರಿಗೆ ಇದನ್ನೇ ಕೊಟ್ಟು ನೋಡಿದ್ದರು. ಫಲಿತಾಂಶ 2015ರಲ್ಲಿ ಬಂತು. ಮೂರು ವರ್ಷವಾದರೂ ಶೇ. 98ಕ್ಕಿಂತ ಹೆಚ್ಚು ಜನರಲ್ಲಿ ಕ್ಯಾನ್ಸರ್ ಮರಳಿರಲಿಲ್ಲ. ಡಾಕ್ಸೋರುಬಿಸಿನ್‌ನಂಥ, ಹೃದಯಕ್ಕೆ ಪೆಟ್ಟು ಕೊಡುವ ಕೀಮೋ ಔಷಧಿ ಅದರಲ್ಲಿ ಇಲ್ಲ. ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ.

ಕೀಮೋ ತಡೆಯಲಾರದವರಿಗೆ ಟ್ರಾಸ್ಟುಜುಮ್ಯಾಬ್ ಒಂದೇ ಕೊಟ್ಟರೆ? ಜಪಾನಿನಲ್ಲಿ 70ರಿಂದ 80 ವಯಸ್ಸಿನ 275 ಮಹಿಳೆಯರಲ್ಲಿ ನೋಡಿದ್ದಾರೆ. 2020ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಕೊನೆಗೆ ಕ್ಯಾನ್ಸರ್ ಮರಳದೆ ಇದ್ದವರು ಕೀಮೋ ಸೇರಿಸಿದ ಕಡೆ ಶೇ. 93.8, ಸೇರಿಸದ ಕಡೆ ಶೇ. 89.5. ಕೀಮೋ ಇದ್ದ ಕಡೆ ಸ್ವಲ್ಪ ಮೇಲು. ಕೀಮೋ ಇಲ್ಲದವರು ಆ ಮೊದಲ ವರ್ಷ ಹೆಚ್ಚು ಚೆನ್ನಾಗಿ ಬದುಕಿದರು. ಗಟ್ಟಿ ಇದ್ದವರಿಗೆ ಎರಡನ್ನೂ ಕೊಡಿ, ಬಳಲಿದವರಿಗೆ ಒಂದನ್ನಾದರೂ ಕೊಡಿ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ. 1998ರಲ್ಲಿ ಮೊದಲ ಸಲ ಅನುಮತಿ ಸಿಕ್ಕ ಔಷಧಿ ಇದು. ವಯಸ್ಸಿನ ನೆಪ ಹೇಳಿ ಇದನ್ನೂ ತಪ್ಪಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹೊಸನೋಟ:

ಹಾರ್ಮೋನ್ ಪಾಸಿಟಿವ್, ಆದರೆ ಗ್ರೇಡ್ 3. ಚಿಕ್ಕಮ್ಮನಿಗೆ 74. ಅವರಿಗೂ ಕೀಮೋ ಬೇಕೇ ಬೇಕಾ ಸರ್?

ಸ್ಟೆತಸ್ಕೋಪ್:

ಅಲ್ಲಿ ಲೆಕ್ಕ ಬೇರೆ. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ 70 ದಾಟಿದ, ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಮಹಿಳೆಯರ ಮೇಲೆ ಅಧ್ಯಯನ ಆಗಿದೆ. ಗಡ್ಡೆಯ ಜೀನ್ ಪರೀಕ್ಷೆಯಲ್ಲಿ ಅಪಾಯ ಜಾಸ್ತಿ ಅಂತ ಬಂದವರನ್ನೇ ಆರಿಸಿದ್ದರು. ಹಾರ್ಮೋನ್ ಮಾತ್ರೆಯ ಜೊತೆ ಕೀಮೋ ಸೇರಿಸಿದರೂ ಬದುಕುಳಿಯುವುದರಲ್ಲಿ ಖಚಿತವಾದ ಲಾಭ ಕಾಣಲಿಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿಯಾಯಿತು. ಚಿಕ್ಕಮ್ಮನ ಡಾಕ್ಟರು ಮಾತ್ರೆ ಸಾಕು ಅಂದರೆ ಅದನ್ನು ನಿರ್ಲಕ್ಷ್ಯ ಅಂದುಕೊಳ್ಳಬೇಡಿ.

ಕಿರಿಮಗಳು:

ಎಲ್ಲರಿಗೂ ಧನ್ಯವಾದ. ಅಣ್ಣನಿಗೂ ಇದನ್ನು ಓದಲು ಕೊಟ್ಟೆ. ಅವನ ಪ್ರಶ್ನೆ: ಕೀಮೋ ಅಂದರೆ ಎಲ್ಲವೂ ಒಂದೇನಾ, ಅಮ್ಮನಂಥವರಿಗೆ ಹಗುರವಾದದ್ದು ಇದೆಯಾ? ಮತ್ತೆ ಇಮ್ಯುನೊಥೆರಪಿ ಅಂತ ಕೇಳಿದ್ದೇವೆ. 70 ದಾಟಿದವರಿಗೆ ರೇಡಿಯೇಷನ್ ಬೇಡ ಅಂತಲೂ ಎಲ್ಲೋ ಓದಿದ್ದಾನಂತೆ.

ಸ್ಟೆತಸ್ಕೋಪ್:

ಒಂದೇ ಅಲ್ಲ. ಡಾಕ್ಸೋರುಬಿಸಿನ್ ಇರುವ ಕೀಮೋದಲ್ಲಿ ವಯಸ್ಸು ಏರಿದಂತೆ ಹೃದಯಕ್ಕೆ ಅಪಾಯವೂ ಏರುತ್ತದೆ, ಬಿಪಿ ಇದ್ದರೆ ಇನ್ನೂ ಜಾಸ್ತಿ. ಅದರ ಬದಲು ಡೊಸಿಟ್ಯಾಕ್ಸೆಲ್ ಜೊತೆ ಸೈಕ್ಲೋಫಾಸ್ಫಮೈಡ್ ಕೊಡುವುದು ರೂಢಿಯಲ್ಲಿದೆ. ಇದು ಬಿಳಿ ರಕ್ತಕಣಗಳನ್ನು ಚೆನ್ನಾಗಿಯೇ ಇಳಿಸುತ್ತದೆ. ಆದ್ದರಿಂದ ಕಣ ಏರಿಸುವ ಇಂಜೆಕ್ಷನ್ ಮೊದಲ ಸುತ್ತಿನಿಂದಲೇ ಜೊತೆಗಿರಬೇಕು. ವಾರಕ್ಕೊಮ್ಮೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಇನ್ನೊಂದು ದಾರಿ. ಅದರಲ್ಲಿ ತಡೆಯದಿದ್ದರೆ ಮುಂದಿನ ವಾರವೇ ನಿಲ್ಲಿಸಬಹುದು, ಅದೇ ಅನುಕೂಲ.

ಇಮ್ಯುನೊಥೆರಪಿ ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವುದು. ಆ ಬಗೆಯ ಪೆಂಬ್ರೊಲಿಜುಮ್ಯಾಬ್‌ಗೆ ಆಪರೇಷನ್ ಮುಂಚೆ ಕೀಮೋ ಜೊತೆ ಕೊಡಲು 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎರಡು, ಮೂರನೇ ಹಂತದ ಟ್ರಿಪಲ್ ನೆಗೆಟಿವ್‌ಗೆ ಒಳ್ಳೆಯ ಔಷಧಿ. ಆದರೆ ಅದನ್ನು ಪರೀಕ್ಷಿಸಿದ್ದು ನಾಲ್ಕು ಕೀಮೋ ಔಷಧಿಗಳ ಜೊತೆ. ಅಷ್ಟನ್ನೂ 78ರ ದೇಹ ತಡೆಯಬೇಕು. ಥೈರಾಯ್ಡ್, ಅಡ್ರಿನಲ್ ಗ್ರಂಥಿ ಕೆಟ್ಟರೆ ಜೀವನಪೂರ್ತಿ ಮಾತ್ರೆ. ತುಂಬಾ ಗಟ್ಟಿ ಇರುವವರಿಗೆ ಮಾತ್ರ ನಾನು ಇದರ ಮಾತು ಎತ್ತುತ್ತೇನೆ. ಅದಕ್ಕೇ ಈಗಲೇ, ಆಪರೇಷನ್ ಆಗುವ ಮುಂಚೆಯೇ, ಕೀಮೋ ಡಾಕ್ಟರನ್ನು ಕಾಣಿ. ಕಂಕುಳಿನ ಗ್ರಂಥಿಗೂ ಸೂಜಿ ಪರೀಕ್ಷೆ ಆಗಲಿ.

ರೇಡಿಯೇಷನ್ ಬಗ್ಗೆ ಅಣ್ಣ ಓದಿದ್ದು ನಿಜ, ಆದರೆ ಅದು ಬೇರೆಯವರ ಕಥೆ. 70 ದಾಟಿದ, ಎರಡು ಸೆಂಟಿಮೀಟರ್ ಒಳಗಿನ, ಹಾರ್ಮೋನ್ ಪಾಸಿಟಿವ್ ಗಡ್ಡೆ ಇದ್ದವರು ಟ್ಯಾಮಾಕ್ಸಿಫೆನ್ ನುಂಗುತ್ತಿದ್ದರೆ ರೇಡಿಯೇಷನ್ ಬಿಡಬಹುದು. ಹತ್ತು ವರ್ಷದಲ್ಲಿ ಅದೇ ಜಾಗದ ಸುತ್ತ ಮರಳಿದ್ದು ರೇಡಿಯೇಷನ್ ಪಡೆದವರಲ್ಲಿ ಶೇ. 2, ಪಡೆಯದವರಲ್ಲಿ ಶೇ. 10. ಆಯುಷ್ಯದಲ್ಲಿ ವ್ಯತ್ಯಾಸ ಇರಲಿಲ್ಲ. ನಿಮ್ಮ ಅಮ್ಮನಿಗೆ ಆ ಮಾತ್ರೆಯ ರಕ್ಷಣೆ ಇಲ್ಲವಲ್ಲ. ಸ್ತನ ಉಳಿಸುವ ಆಪರೇಷನ್ ಆದರೆ ರೇಡಿಯೇಷನ್ ಬೇಕಾಗುತ್ತದೆ.

ವಾರ್ಡ್‌ಅಕ್ಕ:

ಕೀಮೋ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಡಾಕ್ಟರು ಹೇಳಿದ್ದರ ಮೇಲೆ ನನ್ನದು ಸ್ವಲ್ಪ.

ಥರ್ಮಾಮೀಟರ್ ಮನೆಯಲ್ಲಿ ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆ. ಬೆಳಗಾಗಲಿ ನೋಡೋಣ ಅನ್ನಬೇಡಿ. ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ, ಅದು ಜ್ವರ ಮುಚ್ಚಿಡುತ್ತದೆ. ಮೂರು ವಾರಕ್ಕೊಮ್ಮೆ ಕೊಡುವ ಕೀಮೋದಲ್ಲಿ ಡ್ರಿಪ್ ಆದ ಏಳರಿಂದ ಹದಿನಾಲ್ಕನೇ ದಿನದೊಳಗೆ ಬಿಳಿ ಕಣ ತೀರಾ ಕೆಳಗಿರುತ್ತದೆ. ವಯಸ್ಸಾದವರಿಗೆ ಕೆಲವು ಸಲ ಜ್ವರವೇ ಬರಲ್ಲ. ಸುಮ್ನೆ ಮಂಕಾಗಿ ಕೂರುತ್ತಾರೆ, ಮಾತು ತಪ್ಪುತ್ತದೆ, ಊಟ ಬೇಡ ಅನ್ನುತ್ತಾರೆ. ಅದೂ ಸೋಂಕಿನ ಗುರುತೇ ಇರಬಹುದು. ಫೋನ್ ಮಾಡಿ.

ಮೊದಲ ಭೇಟಿಗೆ ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್ಪು, ಪುಡಿ, ಕಷಾಯ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹೆಸರು ಹೇಳಿದರೆ ಸಾಲದು, ವಸ್ತುವೇ ಬೇಕು. ಒಂದೇ ಬಿಪಿ ಮಾತ್ರೆಯನ್ನು ಎರಡು ಕಂಪನಿ ಹೆಸರಲ್ಲಿ ನುಂಗುತ್ತಿದ್ದವರನ್ನು ಕಂಡಿದ್ದೇನೆ. ಮಂಡಿ ನೋವಿಗೆ ನುಂಗುವ ಮಾತ್ರೆ ಕಿಡ್ನಿಗೆ ಏಟು ಕೊಡುತ್ತದೆ, ಅದನ್ನು ಮರೆಯದೆ ಹೇಳಿ. ಬಚ್ಚಲಲ್ಲಿ ಹಿಡಿ ಹಾಕಿಸಿ. ಕಾಲು ಜೋಮು ಹಿಡಿದಾಗ ಬೀಳುವುದು ಅಲ್ಲೇ.

ಮತ್ತೆ ಡಾಕ್ಟರ ರೂಮಿನಲ್ಲಿ ಅಮ್ಮನ ಕುರ್ಚಿ ಡಾಕ್ಟರ ಎದುರಿಗೆ ಇರಲಿ. ನೀವು, ಅಣ್ಣ ಪಕ್ಕದಲ್ಲಿ ಕೂರಿ. ಪ್ರಶ್ನೆ ನಿಮಗೆ ಬಂದರೆ "ಅಮ್ಮನನ್ನೇ ಕೇಳಿ" ಅನ್ನಿ. ಕಿವಿ ಮಂದ ಇದ್ದರೆ ಮೊದಲೇ ತಿಳಿಸಿ. ಕೇಳಿಸದೆ ತಲೆ ಆಡಿಸುವವರು ಎಷ್ಟೋ ಜನ.

ಎಪ್ಪತ್ತಾರು:

ಅಮ್ಮನನ್ನು ನೀವು ಕೇಳುವಾಗ "ಕೀಮೋ ಬೇಕಾ" ಅಂತ ಕೇಳಬೇಡಿ. "ನಿನಗೆ ಯಾವುದು ತಪ್ಪಿದರೆ ಬದುಕು ಬೇಡ ಅನಿಸುತ್ತೆ" ಅಂತ ಕೇಳಿ. ನನ್ನ ಮಗಳು ಹಾಗೆ ಕೇಳಿದಳು. ನನ್ನ ಕೆಲಸ ನಾನೇ ಮಾಡಿಕೊಳ್ಳುವುದು ತಪ್ಪಿದರೆ ಅಂದೆ. ಅದನ್ನೇ ಡಾಕ್ಟರಿಗೆ ಹೇಳಿದೆವು. ಮೂರು ಸುತ್ತಿಗೊಮ್ಮೆ ನಿಂತು ನೋಡೋಣ, ನಿಮ್ಮ ಓಡಾಟಕ್ಕೆ ಕುತ್ತು ಬಂದರೆ ನಿಲ್ಲಿಸೋಣ ಅಂತ ಅವರು ಒಪ್ಪಿದರು. ನಿಲ್ಲಿಸಬಹುದು ಅಂತ ಗೊತ್ತಾದ ಮೇಲೆಯೇ ಶುರು ಮಾಡಲು ನನಗೆ ಧೈರ್ಯ ಬಂದದ್ದು.

ದೊಡ್ಡಮಗ:

ನಮ್ಮ ತಾಯಿಗೆ ಈ ಮಾತುಗಳಲ್ಲಿ ಅರ್ಧವಾದರೂ ಸಿಕ್ಕಿದ್ದರೆ ಅನಿಸುತ್ತಿದೆ. ಕಿರಿಮಗಳು ಅವರೇ, ಕೀಮೋ ಬೇಡವೇ ಬೇಡ ಅನ್ನುವ ನನ್ನ ಮಾತು ಬಿಡಿ. ಆದರೆ ಅಳತೆ ಆಗದೆ ಸೂಜಿ ಚುಚ್ಚಲು ಬಿಡಬೇಡಿ. ಅದೊಂದು ಕೇಳಿಕೊಳ್ಳುತ್ತೇನೆ.

ಕಿರಿಮಗಳು:

ಬಿಡುವುದಿಲ್ಲ ಅಣ್ಣಾ.

ನಾಲ್ಕನೇಮನೆ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಅತ್ತೆಗೆ 87. ಹಾರ್ಟ್ ಫೇಲ್ಯೂರ್ ಇದೆ, ಮರೆವು ತುಂಬಾ ಆಗಿದೆ, ನಮ್ಮ ಗುರುತೂ ಕೆಲವು ಸಲ ಸಿಗಲ್ಲ. ಟ್ರಿಪಲ್ ನೆಗೆಟಿವ್. ಗಂಟು ಚರ್ಮ ಒಡೆದು ಹುಣ್ಣಾಗಿದೆ. ಕೀಮೋ ಇಲ್ಲ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೇವೆ. ಆದರೆ ವಾಸನೆ. ಅವರ ಪಕ್ಕ ಮೊಮ್ಮಕ್ಕಳು ಕೂರುವುದಿಲ್ಲ. ಅದು ಅವರಿಗೆ ಅರ್ಥವಾಗುತ್ತದೆ, ಉಳಿದದ್ದು ಯಾವುದು ಅರ್ಥವಾಗದಿದ್ದರೂ.

ಸ್ಟೆತಸ್ಕೋಪ್:

ನಿಮ್ಮ ತೀರ್ಮಾನ ಸರಿಯಾಗಿಯೇ ಇದೆ. ಆದರೆ ಕೀಮೋ ಇಲ್ಲ ಅಂದಮಾತ್ರಕ್ಕೆ ಚಿಕಿತ್ಸೆ ಇಲ್ಲ ಅಂತಲ್ಲ. ಕೆಲವೇ ಸಲದ ರೇಡಿಯೇಷನ್ ಕೊಟ್ಟರೆ ರಕ್ತ ಒಸರುವುದು, ನೋವು ಕಡಿಮೆಯಾಗುತ್ತದೆ. ಆ ಜಾಗ ಮಾತ್ರ ಮರಗಟ್ಟಿಸಿ ಗಂಟು ತೆಗೆಯಲು ಆಗುತ್ತದಾ ಅಂತ ಸರ್ಜನ್ ಹತ್ತಿರ ಕೇಳಿ, ಪೂರ್ತಿ ಅರಿವಳಿಕೆ ಬೇಕಾಗದೆ ಇರಬಹುದು. ನೋವು, ಕಷ್ಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್ ತಂಡಕ್ಕೆ ಈಗಲೇ ಹೆಸರು ಕೊಡಿ. ಕೊನೆಯ ವಾರಕ್ಕೆ ಅಂತ ಇಟ್ಟುಕೊಳ್ಳಬೇಡಿ.

ವಾರ್ಡ್‌ಅಕ್ಕ:

ವಾಸನೆ ಬರುವುದು ಹುಣ್ಣಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ. ಮೆಟ್ರೊನಿಡಜೋಲ್ ಜೆಲ್ ಹಚ್ಚಿದರೆ ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಇದ್ದಿಲು ಇರುವ ಡ್ರೆಸ್ಸಿಂಗ್ ಸಿಗುತ್ತದೆ, ಅದನ್ನು ಮೇಲ್ಪದರಕ್ಕೆ ಹಾಕಿ. ಹುಣ್ಣಿಗೆ ತಾಗುವ ಪದರ ಅಂಟದೆ ಇರುವಂಥದ್ದೇ ಆಗಬೇಕು. ಒಣ ಹತ್ತಿ ಬೇಡ. ಬಿಚ್ಚುವ ಅರ್ಧ ಗಂಟೆ ಮುಂಚೆ ನೋವಿನ ಔಷಧಿ ಕೊಡಿ. ಅಂಟಿದ್ದರೆ ಎಳೆಯಬೇಡಿ, ಸಲೈನ್ ಸುರಿದು ನೆನೆಯಲು ಬಿಡಿ, ತಾನೇ ಬಿಡುತ್ತದೆ. ರಕ್ತ ಬಂದರೆ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಜೆಲ್ ಶುರು ಮಾಡಿದ ಮೇಲೆ ಹೇಗಿದೆ ಅಂತ ಇಲ್ಲೇ ಬರೆಯಿರಿ. ವಾಸನೆ ಹೋಗದಿದ್ದರೆ ಅದೇ ಔಷಧಿಯನ್ನು ಮಾತ್ರೆಯಾಗಿ ಕೊಡುವ ಬಗ್ಗೆ ಡಾಕ್ಟರನ್ನು ಕೇಳಬಹುದು.